ಹಾಕಿ ನೋಡಲಾರದ ಆನ್‌ಲೈನ್‌ನ್ಯಾಗ ತರಿಸಿದ ಟ್ರೆಕ್ಕಿಂಗ್ ಬೂಟು, ಗದಗಿನಿಂದ ಒಂದು ರಿವ್ಯೂ

ಮೊದಲ ಹೇಳಿಬಿಡ್ತೀನ್ರಿ, ಬೂಟು ಚಲೋ ಅದಾವು, ಕಾಲಿಗೆ ಸರಿಯಾಗಿ ಕುಂತಾವು, ಕಪ್ಪತಗುಡ್ಡ ಹತ್ತಿ ಇಳದೇನಿ, ಮಳಿಗಾಲದಾಗ ಉಳವಿ ಕಡೆ ಹೋಗಿ ಪೂರಾ ತೋಯಿಸಿಕೊಂಡೂ ಬಂದೇನಿ. ಆದ್ರ ಇಲ್ಲಿ ನಾ ಬರಿಯೂದು ಬೂಟಿಗಿಂತ ಹೆಚ್ಚು ಅವನ್ನ ತರಿಸಿದ್ದು ಹೆಂಗ ಅನ್ನೂದರ ಬಗ್ಗೆ. ಕಂಪನಿ ಹೆಸರು, ಸೈಟಿನ ಹೆಸರು ಹಾಕಂಗಿಲ್ಲ, ನನ್ನ ಕಾಲಿಗೆ ಕುಂತಿದ್ದು ನಿಮ್ಮ ಕಾಲಿಗೆ ಕುಂದರಬೇಕಂತೇನೂ ಇಲ್ಲ, ಹೆಸರು ನೋಡಿ ಅದನ್ನ ಆರ್ಡರ್ ಮಾಡಿದ್ರ ಉಪಯೋಗ ಆಗಂಗಿಲ್ಲ. ಅಳತಿ ಹೆಂಗ ತಗೀಬೇಕು, ಮನಿಗೆ ಬಂದಮ್ಯಾಲೆ ಹೆಂಗ ಪರೀಕ್ಷಾ ಮಾಡಬೇಕು, ಯಾವಾಗ ವಾಪಸ್ ಕಳಸಬೇಕು ಅನ್ನೂದು ಗೊತ್ತಾದ್ರ ಯಾವ ಕಂಪನಿದಾದ್ರೂ ತರಿಸಬಹುದು.

ಆನ್‌ಲೈನ್ ಯಾಕಂದ್ರ ನಮ್ಮ ಕಡೆ ಅಂಗಡ್ಯಾಗ ಸಿಗಂಗಿಲ್ಲ, ಅದರಾಗೂ ಹೆಣ್ಣಮಕ್ಕಳಿಗೆ. ಗದಗಿನ್ಯಾಗ ನಾ ಕೇಳಿದ ಅಂಗಡ್ಯಾಗೆಲ್ಲಾ ಸಾಲಿ ಹುಡುಗರ ಕರೀ ಬೂಟು, ಸ್ಪೋರ್ಟ್ಸ್ ಶೂ, ಇಲ್ಲಾಂದ್ರ ಬೆರಳಿನ ಮ್ಯಾಲೆ ಉಕ್ಕಿನ ತಗಡು ಇರೋ ಸೇಫ್ಟಿ ಶೂ, ಇಷ್ಟ. ಹುಬ್ಬಳ್ಳಿಗೆ ಹೋಗಿ ಕೊಪ್ಪೀಕರ್ ರೋಡು, ದುರ್ಗದಬೈಲು ಎಲ್ಲಾ ಕಡೆ ಕೇಳಿ ಬಂದೆ, ಹರಡ ಮುಚ್ಚೋವಂಥ ಬೂಟು ಇದ್ರೂ ಗಂಡಸರ ಏಳನೇ ನಂಬರಿನಿಂದ ಶುರು. ಒಂದು ಅಂಗಡ್ಯಾಗ "ಮೇಡಂ, ಲೇಡೀಸ್‌ನ್ಯಾಗ ಈ ಟೈಪ್ ಇಡಂಗಿಲ್ರಿ ನಾವು, ಬೇಕಂದ್ರ ತರಿಸಿ ಕೊಡ್ತೀವಿ, ಆದ್ರ ಒಮ್ಮೆ ತರಿಸಿದ್ರ ವಾಪಸ್ ತಗೊಳ್ಳಂಗಿಲ್ಲ ನೋಡ್ರಿ" ಅಂದ್ರು. ಅವರದೂ ಖರೇ, ನನ್ನೊಬ್ಬಾಕಿ ಸಲುವಾಗಿ ತರಿಸಿದ್ದು ಉಳದ್ರ ಅವರು ಯಾರಿಗೆ ಮಾರಬೇಕು. ಆದ್ರ ಹಾಕಿ ನೋಡಾಕೂ ಇಲ್ಲ, ವಾಪಸ್ಸೂ ಇಲ್ಲ ಅಂದಮ್ಯಾಲೆ ಅದಕ್ಕಿಂತ ಆನ್‌ಲೈನ್ ಎಷ್ಟೋ ಪಾಡು, ಅಲ್ಲಿ ವಾಪಸ್ ಆದ್ರೂ ತಗೋತಾರ.

ಈ ವಾಪಸ್ ಅನ್ನೂದ ಇದರಾಗ ಎಲ್ಲಾಕ್ಕಿಂತ ದೊಡ್ಡ ಮಾತು. ರೇಟು, ಆಫರು, ಸ್ಟಾರು ಎಲ್ಲಾ ಆಮ್ಯಾಲೆ ನೋಡ್ರಿ. ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ವಾಪಸ್ ಶರತ್ತು ಏನೈತಿ ನೋಡ್ರಿ, ಯಾಕಂದ್ರ ಒಂದ ಸೈಟಿನ್ಯಾಗ ಒಂದ ಬೂಟಿಗೆ ಒಬ್ಬ ಸೆಲ್ಲರ್ ಪೂರಾ ರೊಕ್ಕ ವಾಪಸ್ ಅಂತ ಬರದಿರ್ತಾನ, ಇನ್ನೊಬ್ಬ ಬರೇ ಸೈಜ್ ಬದಲಿ ಅಂತ ಬರದಿರ್ತಾನ. ಬದಲಿ ಮಾಡಿ ಕೊಡ್ತೀವಿ ಅನ್ನೂದು ಕೇಳಾಕ ಚಲೋ ಅನಸ್ತೈತಿ, ಆದ್ರ ನಿಮ್ಮ ಸೈಜು ಸ್ಟಾಕ್ ಇರಲಿಲ್ಲಂದ್ರ ಏನ್ ಮಾಡೂದು? ಅದಕ್ಕ ನಾ ರೊಕ್ಕ ವಾಪಸ್ ಇರೋದನ್ನ ಅಷ್ಟ ತಗೋತೀನಿ, ಎರಡನೂರು ರೂಪಾಯಿ ಹೆಚ್ಚಾದ್ರೂ ಸೈ.

ಈಗ ಕಾಲಿನ ವಿಷಯಕ್ಕ ಬರ್ತೀನಿ. ನಾವು ಸಣ್ಣವರಿದ್ದಾಗಿಂದ ಬರಿಗಾಲಲೇ ಇಲ್ಲಾ ಚಪ್ಪಲಿ ಮ್ಯಾಲೆ ತಿರಗಾಡಿದ ಮಂದಿ. ಕೊಲ್ಹಾಪುರಿ ಚಪ್ಪಲಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇಂಥಾ ಸೀಮಿದ ಮಾಲು ಅನ್ನೋ ಗುರುತು, ಸಿಕ್ತಲ್ರಿ, ಅದರಾಗ ಮಹಾರಾಷ್ಟ್ರದ ನಾಕು ಜಿಲ್ಲಾದ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರನೂ ಅದಾವು, ಅಂದ್ರ ಚಪ್ಪಲಿ ಅನ್ನೂದು ಈ ಸೀಮಿದ ರೂಢಿ. ಚಪ್ಪಲ್ಯಾಗ ಬೆರಳಿಗೆ ಜಾಗ ಭಾಳ, ಪಾದ ಮುಂದಕ್ಕ ಆರಾಮ ಹರಡಿಕೊಂಡಿರ್ತೈತಿ. ಹೊರದೇಶದ ಕಾಲಿನ ಅಚ್ಚಿನ ಮ್ಯಾಲೆ ಮಾಡಿದ ಬೂಟಿನ್ಯಾಗ ಅಂಥಾ ಕಾಲು ಇಟ್ರ ಉದ್ದ ಸರಿ ಇರ್ತೈತಿ, ಅಗಲಕ್ಕ ಹಿಡಿತೈತಿ. ಇದು ನಾ ಒಬ್ಬಾಕಿ ಹೇಳೋ ಮಾತಲ್ಲ. ಚೆನ್ನೈದಾಗಿರೋ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು, ಅದ ಸಿಎಲ್‌ಆರ್‌ಐ ಅಂತಾರಲ್ಲ, ಅವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್ ತನಕಾ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕಾಲು ಸ್ಕ್ಯಾನ್ ಮಾಡಿ ಅಳತಿ ತಗೊಂಡ್ರು, ನಮ್ಮ ಮಂದಿ ಕಾಲು ಯುರೋಪ್, ಅಮೆರಿಕಾದವರ ಕಾಲಿಗಿಂತ ಅಗಲ ಅಂತ ಅದರಾಗ ಕಂಡುಬಂತು. ಅದರ ಮ್ಯಾಲಿಂದ ಭಾರತದ್ದ ಒಂದು ಸೈಜ್ ಪದ್ಧತಿ ಮಾಡಬೇಕಂತ 'ಭಾ' ಅಂತ ಹೆಸರಿಟ್ಟು ಸೂಚಿಸ್ಯಾರ. ಅದು ಎಲ್ಲಾ ಅಂಗಡಿಗೆ ಬರೂತನಕಾ ನಮಗ ಬ್ರಿಟಿಷರ ಕಾಲದ ಯುಕೆ ನಂಬರ ಗತಿ, ಹಂಗಾಗಿ ಅಗಲ ನಾವ ನೋಡಿಕೋಬೇಕು.

ನಂಬರ್ ಅಂದ್ರ ಏನು ಅನ್ನೂದೂ ಸ್ವಲ್ಪ ತಿಳಕೊಳ್ರಿ. ಯುಕೆದಾಗ ಒಂದು ನಂಬರಿಗೂ ಮುಂದಿನ ನಂಬರಿಗೂ ನಡುವ ಇಂಚಿನ ಮೂರನೇ ಒಂದು ಭಾಗ ಫರಕು, ಅಂದ್ರ ಹತ್ರಹತ್ರ 8.5 ಮಿಲಿಮೀಟರ್. ಯುರೋಪ್ ನಂಬರಿನ್ಯಾಗ 6.7 ಮಿಲಿಮೀಟರ್. ಹಂಗಾಗಿ ಎರಡೂ ಒಂದಕ್ಕೊಂದು ಸರಿಯಾಗಿ ಕೂಡಂಗಿಲ್ಲ, ಒಂದು ಕಂಪನಿ 39 ಅಂದಿದ್ದನ್ನ ಯುಕೆ 6 ಅಂತೈತಿ, ಇನ್ನೊಂದು 5.5 ಅಂತೈತಿ. ಬೂಟಿನ ನಾಲಗಿ ಒಳಗ ಹೊಲದಿರೋ ಚೀಟಿ ಮ್ಯಾಲೆ ಯುಕೆ, ಯುಎಸ್, ಇಯು ಜೋಡಿ ಸೆಂಟಿಮೀಟರ್ ಅಂತ ಒಂದು ನಂಬರ್ ಇರ್ತೈತಿ ನೋಡ್ರಿ, ನಂಗ ಅದರ ಮ್ಯಾಲ ಹೆಚ್ಚು ನಂಬಿಕಿ, ಯಾಕಂದ್ರ ಮನ್ಯಾಗಿನ ಸ್ಕೇಲ್‌ಲೇ ಅಳದು ತಾಳಿ ನೋಡಬಹುದು.

ಅಳತಿ ತಗೊಳ್ಳೂದು ಸಂಜಿಮುಂದ, ಇಡೀ ದಿನ ನಿಂತು ಅಡ್ಡಾಡಿದ ಮ್ಯಾಲೆ, ಯಾಕಂದ್ರ ಅಷ್ಟೊತ್ತಿಗೆ ಕಾಲು ಸ್ವಲ್ಪ ಊದಿರ್ತಾವು, ಗುಡ್ಡ ಹತ್ತೂಮುಂದನೂ ಹಂಗ ಊದತಾವು. ಟ್ರೆಕ್ಕಿಗೆ ಹಾಕ್ಕೊಳ್ಳೋ ದಪ್ಪ ಸಾಕ್ಸ್ ಹಾಕ್ಕೊಂಡು, ಹಿಮ್ಮಡ ಗ್ವಾಡಿಗೆ ಹಚ್ಚಿ, ಕಾಲ ಕೆಳಗ ಹಾಳಿ ಇಟ್ಟು, ಆ ಕಾಲಿನ ಮ್ಯಾಲೆ ಪೂರಾ ಭಾರ ಹಾಕಿ ನಿಂದರಬೇಕು. ಗುರುತು ಬ್ಯಾರೇದವರು ಮಾಡಬೇಕು. ನಾನ ಮಾಡಿಕೋತೀನಂತ ಬಗ್ಗಿದ್ರ ಭಾರ ಹಿಂದ ಹೋಗಿ ಪಾದ ಗಿಡ್ಡ ಆಗ್ತೈತಿ, ನಮ್ಮನಿಯವರು ಪೆನ್ಸಿಲ್ ಹಿಡಕೊಂಡು "ನೀ ಕೆಳಗ ನೋಡಬ್ಯಾಡ, ನೆಟ್ಟಗ ನಿಂದ್ರು" ಅಂತ ಅಂದ್ಕೋತನ ಗೆರಿ ಹೊಡದ್ರು. ಪೆನ್ಸಿಲ್ ನೆಟ್ಟಗ ಇರಬೇಕು, ಕಾಲಿನ ಬುಡಕ್ಕ ವಾರಿ ಮಾಡಿದ್ರ ನಾಕೈದು ಮಿಲಿಮೀಟರ್ ಕಡಿಮಿ ಬರ್ತೈತಿ. ಎರಡೂ ಕಾಲು ಅಳೀರಿ, ಭಾಳ ಮಂದಿಗೆ ಒಂದಕ್ಕಿಂತ ಒಂದು ದೊಡ್ಡದಿರ್ತೈತಿ. ನಂದು ಎಡಗಾಲು 241, ಬಲಗಾಲು 245 ಮಿಲಿಮೀಟರ್ ಬಂತು, ಆರ್ಡರ್ ಮಾಡೂದು ದೊಡ್ಡ ಕಾಲಿಗೆ. ಅಗಲ ಅಂದ್ರ ಹೆಬ್ಬಟ್ಟಿನ ಬುಡದ ಎಲುಬಿನಿಂದ ಕಿರಿಬಟ್ಟಿನ ಬುಡದ ಎಲುಬಿನ ತನಕಾ, ಅದು 98 ಬಂತು.

ಚಾರ್ಟ್ ನೋಡೂಮುಂದ ಹುಷಾರಿರಬೇಕು. ಸೈಟಿನವರು ಎಲ್ಲಾ ಬೂಟಿಗೂ ಒಂದ ಚಾರ್ಟ್ ಅಂಟಿಸಿರ್ತಾರ, ಅದನ್ನ ಬಿಟ್ಟು ಬೂಟು ಮಾಡಿದ ಕಂಪನಿ ಚಾರ್ಟ್ ಹುಡುಕ್ರಿ. ಅದರಾಗೂ ಬರದಿದ್ದು ಕಾಲಿನ ಉದ್ದನೋ ಬೂಟಿನ ಒಳಗಿನ ಉದ್ದನೋ ಅಂತ ಓದ್ರಿ, ಎರಡಕ್ಕೂ ಒಂದು ಸೆಂಟಿಮೀಟರ್‌ಕಿಂತ ಹೆಚ್ಚು ಫರಕು ಬರ್ತೈತಿ, ಯಾಕಂದ್ರ ಬೆರಳಿನ ಮುಂದ ಒಂದು ಹೆಬ್ಬೆರಳು ಅಗಲದಷ್ಟು ಖಾಲಿ ಜಾಗ ಇರಬೇಕು ಬೂಟಿಗೆ. ಆ ಜಾಗ ಇಲ್ಲಾಂದ್ರ ಗುಡ್ಡ ಇಳಿಯೂಮುಂದ ಪ್ರತಿ ಹೆಜ್ಜಿಗೂ ಉಗುರು ಮುಂದ ಬಡಿತೈತಿ, ಮನಿಗೆ ಬರೂದ್ರಾಗ ಕರ್ರಗಾಗಿರ್ತೈತಿ. ಹತ್ತೂಮುಂದ ಏನೂ ಗೊತ್ತಾಗಂಗಿಲ್ಲ ಇದು, ಎಲ್ಲಾ ಗೊತ್ತಾಗೂದು ಇಳಿಯೂಮುಂದ.

ರಿವ್ಯೂ ಓದೂದ್ರಾಗ ನಾ ಸ್ಟಾರ್ ನೋಡಂಗಿಲ್ಲ. ಡೆಲಿವರಿ ಲಗೂ ಬಂತು ಅಂತ ಐದು ಸ್ಟಾರ್ ಕೊಟ್ಟಿರ್ತಾರ, ಡಬ್ಬಿ ಹರಿದಿತ್ತು ಅಂತ ಒಂದು ಕೊಟ್ಟಿರ್ತಾರ. ಅಗಲ, ಬಿಗಿ, ಬೆರಳು, ಹಿಮ್ಮಡ ಅನ್ನೋ ಮಾತು ಇರೋ ರಿವ್ಯೂ ಅಷ್ಟ ಹುಡುಕಿ ಓದತೀನಿ, ಮೂರು ಸ್ಟಾರಿನವು ಹೆಚ್ಚು ಉಪಯೋಗ, ಅವರು ಬೂಟು ಹಾಕ್ಕೊಂಡು ಅಡ್ಡಾಡಿರ್ತಾರ.

ಮೊದಲ ಜೋಡಿ ಲೇಡೀಸ್ ಮಾಡೆಲ್ ಯುಕೆ 6, ಕಂಪನಿ ಚಾರ್ಟಿನ್ಯಾಗ 25 ಸೆಂಟಿಮೀಟರ್ ಕಾಲಿಗೆ ಅಂತಿತ್ತು. ಡೆಲಿವರಿ ಹುಡುಗ ಬಂದು "ಅಕ್ಕಾರ, ಓಟಿಪಿ ಹೇಳ್ರಿ" ಅಂದ, "ತಮ್ಮಾ, ಒಂದೀಟು ನಿಂದ್ರು, ಡಬ್ಬಿ ಮ್ಯಾಲಿನ ನಂಬರ್ ನೋಡ್ತೀನಿ" ಅಂದೆ. "ಓಪನ್ ಬಾಕ್ಸ್ ಇಲ್ರಿ ಅಕ್ಕಾರ ಇದಕ್ಕ, ಇಲ್ಲೇ ಡಬ್ಬಿ ತಗದು ನೋಡಾಕ ಬರಂಗಿಲ್ಲ, ಸೈಜ್ ಆಗಲಿಲ್ಲಂದ್ರ ಆ್ಯಪಿನ್ಯಾಗ ರಿಟರ್ನ್ ಹಾಕ್ರಿ, ನಾನ ಬಂದು ಒಯ್ತೀನಿ" ಅಂದ. ಮಾತಿನಂಗ ಅವನ ಬಂದು ಒಯ್ದ. ಈ ಹುಡುಗರ ಬಗ್ಗೆ ನನಗ ಭಾಳ ಗೌರವ ಐತ್ರಿ, ಬಿಸಲಾಗ ಮಳ್ಯಾಗ ಗಾಡಿ ಮ್ಯಾಲೆ ಅಷ್ಟು ದೊಡ್ಡ ಚೀಲ ಹೊತ್ತು ಮನಿಮನಿ ತಿರಗತಾರ, ವಾಪಸ್ ಕೊಡೂಮುಂದ ಅವರ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ, ಸೈಜಿಗೂ ಅವರಿಗೂ ಏನೂ ಸಂಬಂಧ ಇಲ್ಲ. ಡಬ್ಬಿ ತಗಿಯೂಮುಂದ ಮಾತ್ರ ಮೊಬೈಲಿನ್ಯಾಗ ವಿಡಿಯೋ ಮಾಡಿಕೊಳ್ರಿ, ಟ್ಯಾಗು, ಒಳಗಿನ ಹಾಳಿ, ಡಬ್ಬಿ ಯಾವುದೂ ಒಗೀಬ್ಯಾಡ್ರಿ.

ಪರೀಕ್ಷಾ ಇಲ್ಲಿಂದ ಶುರು. ಬೂಟು ಹಾಕ್ಕೊಳ್ಳೂದಕ್ಕಿಂತ ಮೊದಲು ಒಳಗಿನ ಮೆತ್ತನ ಸೋಲ್ ಎಳದು ಹೊರಗ ತಗದು, ಫರಸಿ ಮ್ಯಾಲಿಟ್ಟು ಅದರ ಮ್ಯಾಲೆ ನಿಂದರ್‍ರಿ. ಅಂಗಡ್ಯಾಗ ಯಾರೂ ಇದನ್ನ ಮಾಡಾಕ ಹೇಳಂಗಿಲ್ಲ, ನನಗ ಇದರಿಂದ ತಿಳದಷ್ಟು ಬ್ಯಾರೆ ಯಾವುದರಿಂದನೂ ತಿಳೀಲಿಲ್ಲ. ಬೆರಳಿನ ಮುಂದ ಎಷ್ಟು ಜಾಗ ಉಳೀತು, ಪಾದ ಬಾಜೂಕ ಹೊರಗ ಹೋಗೇತೇನು, ಎರಡೂ ಕಣ್ಣಿಗೆ ಕಾಣತಾವು. ನಂದು ಮುಂದ ಜಾಗ ಬೇಕಾದಷ್ಟಿತ್ತು, ಆದ್ರ ಕಿರಿಬಟ್ಟು ಅರ್ಧಾ ಸೋಲಿನ ಅಂಚಿನಿಂದ ಹೊರಗ ಜೋತುಬಿದ್ದಿತ್ತು. ಆದ್ರೂ ಇರಲಿ ಅಂತ ಒಳಗ ಹಾಕಿ, ಲೇಸ್ ಬಿಗದು, ಕೆಳಗ ತೊಳದ ಚಾದರ ಹಾಸಿ ಅದರ ಮ್ಯಾಲೆ ಒಂದು ತಾಸು ಅಡ್ಡಾಡಿದೆ, ಅಡಗಿ ಮನಿ ಕೆಲಸನೂ ಅದರಾಗ ಮಾಡಿದೆ. ನಿಂತಾಗ ಏನೂ ಅನಿಸಲಿಲ್ಲ, ಅಡ್ಡಾಡಿದಂಗ ಕಿರಿಬಟ್ಟಿನ ಬುಡಕ್ಕ ಬಿಸಿ ಬಿಸಿ ಅನಸಾಕ ಹತ್ತಿತು. ಸಾಕ್ಸ್ ಬಿಚ್ಚಿ ನೋಡಿದ್ರ ಅಲ್ಲೇ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಆಗಿತ್ತು. ಮನ್ಯಾಗ ಒಂದು ತಾಸಿಗೆ ಕೆಂಪಾಗೂದು ಗುಡ್ಡದಾಗ ಗುಳ್ಳಿ ಎದ್ದು ಒಡಿತೈತಿ. ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತಾವು ಅಂತಾರ, ತೊಗಲಿನ ಬೂಟಿಗೆ ಆ ಮಾತು ಸ್ವಲ್ಪ ನಡಿತೈತಿ, ಆದ್ರ ಈಗ ಬರೋ ನೈಲಾನ್ ಜಾಳಿಗಿ, ರೆಗ್ಸಿನ್ ಬೂಟು ಅಷ್ಟೇನೂ ಹಿಗ್ಗಂಗಿಲ್ಲ. ಸೋಲಿನ ಅಗಲ ಅಂತೂ ಯಾವ ಬೂಟಿನ್ಯಾಗೂ ಹಿಗ್ಗಂಗಿಲ್ಲ. ವಾಪಸ್ ಕಳಸಿದೆ. ರೊಕ್ಕ ವಾಪಸ್ ಬರಾಕ ಒಂದು ವಾರದ ಮ್ಯಾಲೆ ಹಿಡೀತು, ಕಸ್ಟಮರ್ ಕೇರಿಗೆ ಫೋನ್ ಮಾಡಬೇಕಾತು, ಅಷ್ಟು ತ್ರಾಸು ಆತು.

ಎರಡನೇ ಸಲ ಗಂಡಸರ ಮಾಡೆಲ್‌ನ್ಯಾಗ ಯುಕೆ 6 ಹುಡುಕಿದೆ. ಹೆಣ್ಣಮಕ್ಕಳ ಬೂಟಿನ ಅಚ್ಚು ಸಾಮಾನ್ಯ ಸಣಕಲ ಇರ್ತೈತಿ, ಗಂಡಸರದು ಮುಂದ ಅಗಲ. ಅಗಲ ಕಾಲಿನ ಅಕ್ಕಂದಿರಿಗೆ ಇದನ್ನ ನಾ ಒತ್ತಿ ಹೇಳ್ತೀನಿ, ಲೇಡೀಸ್ ಅಂತ ಬರದಿರೋದನ್ನ ತಗೋಬೇಕಂತ ಏನೂ ಕಡ್ಡಾಯ ಇಲ್ರಿ, ಬಣ್ಣ ಕಂದು ಇಲ್ಲಾ ಬೂದಿ ಸಿಗ್ತೈತಿ ಅಷ್ಟ. ಗಂಡಸರದು 6ರಿಂದ ಶುರು ಆಗೋ ಮಾಡೆಲ್ ಕಡಿಮಿ, ಹುಡುಕಬೇಕು. ಇದರಾಗ ಕಿರಿಬಟ್ಟು ಸೋಲಿನ ಮ್ಯಾಲ ಕುಂತಿತು. ಆದ್ರ ಗಂಡಸರ ಅಚ್ಚು ಹಿಮ್ಮಡದಾಗೂ ಅಗಲ, ನಡಿಯೂಮುಂದ ಹಿಮ್ಮಡ ಒಳಗ ಮ್ಯಾಲ ಕೆಳಗ ಆಡಾಕ ಹತ್ತಿತು. ಇದಕ್ಕ ಲೇಸಿನ್ಯಾಗ ಪರಿಹಾರ ಐತಿ. ಮ್ಯಾಲಿಂದ ಎರಡನೇ ಕೊಂಡಿ ತನಕಾ ಎಂದಿನಂಗ ಕಟಕೊಂಡು ಬರ್‍ರಿ, ಅಲ್ಲೆ ಎರಡೂ ಲೇಸನ್ನ ಒಂದಕ್ಕೊಂದು ಎರಡು ಸುತ್ತು ಸುತ್ತಿ ಬಿಗೀರಿ, ಆಮ್ಯಾಲೆ ಕೊನೀ ಕೊಂಡಿಗೆ ಮ್ಯಾಲಿಂದ ಕೆಳಗ ಹಾಕಿ ಗಂಟು ಹೊಡೀರಿ. ಆ ಎರಡು ಸುತ್ತು ಹರಡದ ಹತ್ರ ಬಿಗಿ ಹಿಡಿತಾವು, ಪಾದದ ಮುಂದಿನ ಭಾಗ ಸಡ್ಲ ಉಳಿತೈತಿ. ಹಿಮ್ಮಡ ಆಡೂದು ಭಾಳಷ್ಟು ನಿಂತಿತು, ಒಂದು ಚೂರು ಆಡಿದ್ರ ನಡಿತೈತಿ.

ಇಳಿಜಾರಿನ ಪರೀಕ್ಷಾನೂ ಮನ್ಯಾಗ ಮಾಡಬಹುದು. ನಮ್ಮ ಮನಿ ಮುಂದ ಸ್ಕೂಟಿ ಒಳಗ ತರಾಕ ಸಿಮೆಂಟಿನ ಇಳಿಜಾರು ಮಾಡಿಸೇವಿ, ಅದರ ಮ್ಯಾಲೆ ಹಳೇ ಚಾದರ ಹಾಸಿ ಕೆಳಗ ಮುಖ ಮಾಡಿ ನಿಂತು ಜೋರಾಗಿ ಹೆಜ್ಜಿ ಒದ್ದು ನೋಡಿದೆ, ಬೆರಳು ಮುಂದ ಹೋಗಿ ಬಡೀಲಿಲ್ಲ. ಓಣ್ಯಾಗ ಹಿರ್‍ಯಾರು ನೋಡಿ "ಏನವಾ ಇದು" ಅಂತ ಕೇಳಿದ್ರು, ಹೇಳಿದೆ, ಅವರ ಮಗನಿಗೂ ಇದನ್ನ ಹೇಳಿಕೊಟ್ರಂತ.

ಇನ್ನೊಂದು ಮಾತು ಯಾರೂ ಹೇಳಂಗಿಲ್ಲ, ಅದಕ್ಕ ಉದ್ದ ಬರೀತೀನಿ. ಡಬ್ಬಿ ಮ್ಯಾಲೆ ತಯಾರಾದ ತಿಂಗಳು, ವರ್ಷ ಹಾಕಿರ್ತಾರ, ಮೊದಲು ಅದನ್ನ ನೋಡ್ರಿ. ಭಾಳ ಟ್ರೆಕ್ಕಿಂಗ್ ಬೂಟಿನ ಅಡಿಗೆ ರಬ್ಬರಿಗೂ ಮ್ಯಾಲಿನ ಭಾಗಕ್ಕೂ ನಡುವ ಪಿಯು, ಅಂದ್ರ ಪಾಲಿಯುರಿಥೇನ್ ಅನ್ನೋ ಮೆತ್ತಗಿನ ಪದರು ಇರ್ತೈತಿ. ಗಾಳ್ಯಾಗಿನ ತೇವಾಂಶ ಹೀರಿ ಅದು ವರ್ಷ ಹೋದಂಗ ಒಳಗೊಳಗ ಸಡ್ಲ ಆಕ್ಕೋತ ಹೋಗ್ತೈತಿ, ಬಿಸಿ ಜಾಗಾದಾಗ ಇನ್ನೂ ಲಗೂ. ಹಾಕ್ಕೊಳ್ಳದ ಡಬ್ಬ್ಯಾಗ ಇಟ್ಟಿದ್ರೂ ಬಿಡಂಗಿಲ್ಲ. ಹೊರಗಿಂದ ಹೊಸಾ ಬೂಟ ಕಾಣ್ತೈತಿ, ನಾಕ ಹೆಜ್ಜಿ ಜೋರಾಗಿ ನಡದ್ರ ಸೋಲು ಉದರತೈತಿ. ನಮ್ಮ ಗುಂಪಿನ್ಯಾಗಿನ ಒಬ್ಬ ಕಾಕಾರು ಸೇಲಿನ್ಯಾಗ ಅರ್ಧಾ ರೇಟಿಗೆ ತರಿಸಿದ್ರು, ಕಪ್ಪತಗುಡ್ಡ ಇಳಿಯೂಮುಂದ ಬಲಗಾಲಿನ ಸೋಲು ಬಾಯಿ ಬಿಡ್ತು, ಮುರದ ಕಡೆ ಪುಡಿಪುಡಿ ಉದರ್ತಿತ್ತು. ಹೆಗಲ ಮ್ಯಾಲಿನ ಟವೆಲ್ ಹರದು ಸುತ್ತಿ ಕಟಕೊಂಡು ಕೆಳಗ ಬಂದ್ರು. ಆಮ್ಯಾಲೆ ಚಪ್ಪಲಿ ಹೊಲಿಯೋರ ಕಡೆ ಒಯ್ದ್ರ "ಅಂಟು ಹಿಡಿಯಾಕ ಒಳಗ ಏನೂ ಉಳದಿಲ್ರಿ ಯಜಮಾನ್ರ" ಅಂದ್ರಂತ. ಅದಕ್ಕ ಎರಡು ವರ್ಷಕ್ಕಿಂತ ಹಳೇದಿದ್ರ ನಾ ತಗೊಳ್ಳಂಗಿಲ್ಲ, ಎಷ್ಟ ಸೋವಿ ಇರಲಿ. ಬೂಟು ಬಂದಕೂಡ್ಲೆ ಆ ಪದರಿಗೆ ಉಗುರು ಒತ್ತಿ ನೋಡ್ರಿ, ಗುರುತು ತಿರಗಿ ತುಂಬಿಕೋಬೇಕು, ಚೂರು ಏಳಬಾರದು, ಬಗ್ಗಿಸಿದ್ರ ಸಣ್ಣ ಸೀಳು ಕಾಣಬಾರದು.

ಸೋಲು ಉದರಿದ್ರ, ಬ್ಯಾರೆ ಮಾಡೆಲ್ ಬಂದ್ರ, ಸೈಟಿನ್ಯಾಗ ಬರದಂಗ ಇರದಿದ್ರ ಅದು ದೋಷ. 2020ರ ಇ-ಕಾಮರ್ಸ್ ಗ್ರಾಹಕ ನಿಯಮದಾಗ ಇಂಥಾದ್ದನ್ನ ವಾಪಸ್ ತಗೊಳ್ಳಾಕ ಇಲ್ಲ ಅನ್ನಂಗಿಲ್ಲ, ಸೈಟಿಗೆ ದೂರು ಅಧಿಕಾರಿ ಇರಬೇಕು, ಅವರು 48 ತಾಸಿನ್ಯಾಗ ದೂರು ಬಂತು ಅಂತ ತಿಳಸಬೇಕು, ಒಂದು ತಿಂಗಳದಾಗ ಬಗಿಹರಸಬೇಕು. ಕೇಳಲಿಲ್ಲಂದ್ರ ಗ್ರಾಹಕ ಸಹಾಯವಾಣಿ 1915 ಐತಿ. ಆದ್ರ ಕಾಲಿಗೆ ಕುಂದರಲಿಲ್ಲ ಅನ್ನೂದು ದೋಷ ಅಲ್ರಿ, ಅದು ಪೂರಾ ಆ ಸೈಟಿನ ವಾಪಸಾತಿ ಶರತ್ತಿನ ಮ್ಯಾಲೆ, ಅದಕ್ಕ ಮೊದಲ ಓದ್ರಿ ಅಂದಿದ್ದು.

ವಾಟರ್‌ಪ್ರೂಫ್ ಬೇಕೋ ಬ್ಯಾಡೋ ಅಂತ ಕೇಳ್ತಾರ. ನಮ್ಮ ಗದಗ ಕಡೆ ಮಳಿ ಕಡಿಮಿ, ಬಿಸಲು ಹೆಚ್ಚು, ಒಳಗ ನೀರು ತಡಿಯೋ ಪೊರಿ ಇರೋ ಬೂಟಿನ್ಯಾಗ ಕಾಲು ಬೆವತು ಒದ್ದಿ ಆಗ್ತಾವು, ಗುಳ್ಳಿ ಏಳೂದೂ ಒದ್ದಿ ಕಾಲಿಗೇ ಹೆಚ್ಚು. ನಾ ಪೊರಿ ಇಲ್ಲದ್ದ ತಗೊಂಡೆ, ಒಂದೂವರಿ ಸಾವಿರ ರೂಪಾಯಿನೂ ಉಳೀತು. ಉಳವಿ ಕಡೆ ಮಳ್ಯಾಗ ಹಳ್ಳ ದಾಟೂಮುಂದ ನೀರು ಹರಡದ ಮ್ಯಾಲಿಂದ ಒಳಗ ಬರ್ತೈತಿ, ಅಲ್ಲೆ ಯಾವ ವಾಟರ್‌ಪ್ರೂಫೂ ತಡಿಯಂಗಿಲ್ಲ, ಮ್ಯಾಲಾಗಿ ಒಳಗ ಬಂದ ನೀರು ಹೊರಗ ಹೋಗಂಗಿಲ್ಲ. ನನ್ನವು ರಾತ್ರಿ ಪೇಪರ್ ತುರುಕಿ, ಒಮ್ಮೆ ಬದಲಿ ಮಾಡಿ ಇಟ್ಟೆ, ಮುಂಜಾನೆ ಹಾಕ್ಕೊಳ್ಳೂವಷ್ಟು ಆರಿದ್ದವು. ಒಲಿ ಮುಂದ ಇಡಬ್ಯಾಡ್ರಿ, ಅಂಟು ಬಿಡ್ತೈತಿ. ಇಂಬಳ ಅಂತೂ ಲೇಸಿನ ತೂತಿನ್ಯಾಗೂ ಬರ್ತಾವು, ಅದಕ್ಕ ಬೂಟು ಏನ್ ಮಾಡೀತು, ಪ್ಯಾಂಟು ಸಾಕ್ಸಿನ ಒಳಗ ಸೇರಿಸಿಕೋಬೇಕು.

ಕಪ್ಪತಗುಡ್ಡದಾಗ ಈ ಬೂಟು ಭಾಳ ಚಲೋ ಕೆಲಸ ಮಾಡ್ಯಾವು. 2019ರಾಗ ವನ್ಯಜೀವಿ ಧಾಮ ಆಗೇತಿ ಅದು, ಹುಲ್ಲು ಕಿತ್ತು ಹಾದಿ ಬಿಟ್ಟು ತಿರಗಾಡಬಾರದು, ಮಲ್ಲಯ್ಯನ ಗುಡಿಗೆ ಹೋಗೋ ಹಾದಿನ ಸಾಕಷ್ಟು ಐತಿ. ಕಬ್ಬಿಣದ ಅಂಶ ಇರೋ ಕೆಂಪು ಕಲ್ಲಿನ ಚೂರು ಹಾದಿ ತುಂಬ ಬಿದ್ದಿರ್ತಾವು, ಕಾಲಿಟ್ರ ಉರಳತಾವು, ಚಪ್ಪಲ್ಯಾಗ ಹರಡ ಹೊರಳೂದು ಅಲ್ಲೇ. ಹರಡ ಮುಚ್ಚಿದ ಬೂಟಿನ್ಯಾಗ ಹೆಜ್ಜಿ ಗಟ್ಟಿ ಅನಸ್ತೈತಿ. ಮ್ಯಾಲ ಗಾಳಿಯಂತ್ರದ ಹತ್ರ ಗಾಳಿ ಜೋರ ಇದ್ದಾಗೂ ನಿಂದರಾಕ ಧೈರ್ಯ ಬರ್ತೈತಿ.

ಎರಿ ಹೊಲದಾಗ ಮಾತ್ರ ಸೋತಾವು. ಮಳಿ ಆದಮ್ಯಾಲೆ ಎರಿ ಮಣ್ಣು ಸೋಲಿನ ಹಲ್ಲಿನ್ಯಾಗ ತುಂಬಿ, ಹತ್ತು ಹೆಜ್ಜಿಗೆ ಒಂದೊಂದು ಕಾಲು ಎರಡು ಸೇರು ಭಾರ ಆಗ್ತೈತಿ, ಎಲ್ಲಾ ಬೂಟಿಗೂ ಇದ ಹಣೆಬರಹ. ಹಲ್ಲು ಆಳ ಇದ್ದಷ್ಟೂ, ಹತ್ರ ಹತ್ರ ಇದ್ದಷ್ಟೂ ಹೆಚ್ಚು ತುಂಬತೈತಿ, ಹಂಗಾಗಿ ಹಾವೇರಿ, ನವಲಗುಂದ ಕಡೆ ಹೊಲದ ಬದುವಿನ ಮ್ಯಾಲೆ ದಿನಾ ಅಡ್ಡಾಡೋರು ಹಲ್ಲು ದೂರ ದೂರ ಇರೋ ಸೋಲ್ ನೋಡಿ ತಗೊಳ್ರಿ, ಸೈಟಿನ್ಯಾಗ ಸೋಲಿನ ಫೋಟೋ ಇರಲಿಲ್ಲಂದ್ರ ಗಿರಾಕಿಗಳು ಹಾಕಿದ ಫೋಟೋದಾಗ ಸಿಗ್ತೈತಿ.

ರೇಟು ನಾಕು ಸಾವಿರದ ಒಳಗ ಬಿತ್ತು. ಜೋಡಿ ಒಂದು ಉಣ್ಣಿ ಮಿಶ್ರ ಸಾಕ್ಸ್ ತಗೊಂಡೆ, ಹತ್ತಿ ಸಾಕ್ಸ್ ಬೆವರು ಹಿಡಕೊಂಡು ಕುಂದರ್ತೈತಿ, ಬೂಟಿಗೆ ಅಷ್ಟು ರೊಕ್ಕ ಹಾಕಿದೋರು ಸಾಕ್ಸಿಗೂ ಹಾಕ್ರಿ. ಬೂಟಿನ ಜೋಡಿ ಬಂದ ಲೇಸ್ ಮಾತ್ರ ಸುಮಾರು, ದುಂಡಗಿನ ನುಣುಪು ಲೇಸು, ನಡದಂಗ ಗಂಟು ಬಿಚ್ಚಿಕೋತಾವು. ಚಪ್ಪಟೆ ಲೇಸು ಗದಗ ಪ್ಯಾಟ್ಯಾಗ ಸಿಕ್ಕಾವು, ಹಾಕಿಸಿಕೊಂಡೇನಿ, ಈಗ ಬಿಚ್ಚಂಗಿಲ್ಲ. ಮೇಲಿನ ಎರಡು ಸುತ್ತಿನ ಕಟ್ಟು ಕಟ್ಟೋರು ಸ್ವಲ್ಪ ಉದ್ದನ ಲೇಸು ಕೇಳಿ ತಗೊಳ್ರಿ, ಇಲ್ಲಾಂದ್ರ ಕೊನೀ ಕೊಂಡಿಗೆ ಸಾಲಂಗಿಲ್ಲ.